ಬಾದಶಾಹಿಯೂ ನಮ್ಮನೆ ವಾಟ್ನಿಯೂ

ಹೋದ ವಾರ ಹಲಗೇರಿಗೆ ಹೋಗಿದ್ದೆ. ಹಬ್ಬಕ್ಕಲ್ಲ, ವಾಟ್ನಿಗೆ. ಅಪ್ಪ ತೀರಿಕೊಂಡು ವರ್ಷವಾಯಿತು. ಬಾವಿಯ ನೀರಿನ ವಿಷಯಕ್ಕೆ ಅಣ್ಣನೂ ಕಾಕಾನೂ ಮಾತು ಬಿಟ್ಟು ಆರು ತಿಂಗಳು.

ಪಡಸಾಲಿಯಲ್ಲಿ ಹಳೇ ಟ್ರಂಕು ತೆಗೆದು ಕಾಗದ ಹರವಿಕೊಂಡು ಕೂತೆವು. ಜಮೀನು, ತಕರಾರು, ಖರೀದಿ, ಮುಚ್ಚಳಿಕೆ... ಯಾರೂ ಬಾಯಿ ಬಿಡುತ್ತಿಲ್ಲ. ಸುಮ್ಮನಿರಲಾರದೆ ನಾನೇ ಶುರು ಮಾಡಿದೆ. "ಕಾಕಾ, ಈ ಮುಚ್ಚಳಿಕೆ ಅನ್ನೋದು ತುರ್ಕಿ ಮಾತು ನೋಡ್ರಿ. ಪಾರ್ಸಿ ದಫ್ತರದ ಹಾದಿ ಹಿಡದು ನಮ್ಮ ಕಡೆ ಬಂದದ್ದು."

"ಹೌದೇನಪಾ? ತುರ್ಕರಿಗೂ ನಮಗೂ ಏನ್ ಸಂಬಂಧ?" ಅಂದರು ಕಾಕಾ.

ಸಂಬಂಧ ಇದೆ ಸ್ವಾಮಿ! 1490ರ ಹೊತ್ತಿಗೆ ಬಿಜಾಪುರದಲ್ಲಿ ಆದಿಲಶಾಹಿ ಕಟ್ಟಿದ ಯೂಸುಫ್ ತುರ್ಕಿ ಸುಲ್ತಾನನ ಮಗ ಅಂತ ಫೆರಿಶ್ತಾ ಬರೆದಿದ್ದಾನೆ. 1451ರಲ್ಲಿ ಅಣ್ಣ ಪಟ್ಟಕ್ಕೆ ಬಂದು ತಮ್ಮಂದಿರನ್ನು ಕೊಲ್ಲಿಸಲು ಹೊರಟಾಗ, ತಾಯಿ ಬೇರೆ ಹುಡುಗನನ್ನು ಇವನ ಜಾಗದಲ್ಲಿಟ್ಟು ಇವನನ್ನು ವ್ಯಾಪಾರಿಯೊಬ್ಬನ ಜೊತೆ ದಾಟಿಸಿದಳಂತೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬೋದಿಲ್ಲ. ಆಸ್ಥಾನದ ಉಪ್ಪುಂಡವನು ಬರೆದದ್ದು ನೋಡಿ, ದೊರೆಯ ಮನೆತನವನ್ನು ಸ್ವಲ್ಪ ಏರಿಸಿಯೇ ಬರೆದಿರಬಹುದು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಇವರ ಕೈ ದಕ್ಷಿಣಕ್ಕೆ ಚಾಚಿತು. 1570ರ ದಶಕದಲ್ಲಿ ನಮ್ಮ ಜಿಲ್ಲೆಯ ಬಂಕಾಪುರವೂ ಅವರದಾಯಿತು. ಮುಂದೆ ಗೋಳಗುಮ್ಮಟ ಎದ್ದಿತು. ಅದು ನಿಮಗೆಲ್ಲ ಗೊತ್ತೇ ಇದೆ, ಶಾಲೆಯ ಟ್ರಿಪ್ಪಿನಲ್ಲಿ ಕೂಗಿ ಬಂದಿರುತ್ತೀರಿ.

1672ರಲ್ಲಿ ಪಟ್ಟಕ್ಕೆ ಬಂದ ಸಿಕಂದರ್ ನಾಲ್ಕು ವರ್ಷದ ಕೂಸು. ದಖ್ಖನಿಗಳ ಮುಖಂಡ ಖವಾಸ್ ಖಾನ್, ಪಠಾಣರ ಮುಖಂಡ ಬಹಲೋಲ್ ಖಾನ್, ಇಬ್ಬರಿಗೂ ಕಾರುಬಾರು ಬೇಕು. 1675ರಲ್ಲಿ ಬಹಲೋಲ್ ಖಾನ್ ಇನ್ನೊಬ್ಬನನ್ನು ಹಿಡಿದು ಬಂಕಾಪುರದ ಕೋಟೆಯಲ್ಲಿಟ್ಟ. ಮುಂದಿನ ವರ್ಷ ಅವನನ್ನು ಕೊಂದರು. ನವಿಲು ನೋಡಲು ಹೋಗುತ್ತೇವಲ್ಲ, ಅದೇ ಕೋಟೆ! ಇವರು ಹೀಗೆ ಕಚ್ಚಾಡುತ್ತಿರುವಾಗಲೇ ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಗಲರು. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಸಿಕಂದರ್ ಸೆರೆಯಲ್ಲೇ ಸತ್ತ. ಬಹಲೋಲನ ಮನೆತನದ ಅಬ್ದುಲ್ ರವೂಫ್ ಖಾನ್ ಮಾತ್ರ ಮೊಗಲರ ಕಡೆ ಸೇರಿ ಬಂಕಾಪುರದ ಜಹಗೀರು ಗಿಟ್ಟಿಸಿದ. ನಮ್ಮ ಸವಣೂರಿನ ನವಾಬರು ಅವನ ವಂಶದವರೇ. 1948ರವರೆಗೂ ಆ ಸಂಸ್ಥಾನ ಇತ್ತು.

1854ರಲ್ಲಿ ಬಿಜಾಪುರದ ಹಳೇ ಸಾಮಾನು ಹರಾಜಿಗಿಟ್ಟಾಗ ಮಲಿಕ್-ಎ-ಮೈದಾನ್ ತೋಪಿಗೆ ಬಂದ ದೊಡ್ಡ ಸವಾಲು 150 ರೂಪಾಯಿ! ಹರಾಜು ರದ್ದಾಗಿದ್ದರಿಂದ ತೋಪು ಉಳಿಯಿತು.

"ನೂರೈವತ್ತ? ನಮ್ಮ ಬಾವಿ ಮೋಟರಿಗೆ ಅದಕಿಂತ ಜಾಸ್ತಿ ಬರತೈತಿ" ಅಂದ ಅಣ್ಣ. ಕಾಕಾನ ಮುಖ ನೋಡಿಯೇ ಅಂದ. ಕಾಕಾ ನಕ್ಕರು. ಆರು ತಿಂಗಳ ಮೇಲೆ!

ಆದರೆ ಸಹಿಗೆ ಪೆನ್ನು ತೆಗೆದ ಕೂಡಲೇ ಮತ್ತೆ ಬಾವಿಯ ಮಾತು ಬಂತು. "ಬಾವಿ ಇಬ್ಬರಿಗೂ ಇರಲಿ" ಅಂದರು ಕಾಕಾ. "ಪಾಳಿ ಯಾರದು ಮೊದಲು?" ಅಂದ ಅಣ್ಣ. ಕಾಕು ಚಹಾ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಕಾಗದ ಮಡಚಿ ಮತ್ತೆ ಟ್ರಂಕಿನಲ್ಲಿಟ್ಟು, ನಾನು ಸಂಜೆಯ ರಾಣೆಬೆನ್ನೂರು ಬಸ್ಸು ಹಿಡಿದೆ.