ಮೂರನೆಯ ತಂತಿ

ನಮ್ಮ ಮನೆಗಳ ಗೋಡೆಯಲ್ಲಿರುವ ಪ್ಲಗ್ಗಿನ ತೂತುಗಳನ್ನು ಎಣಿಸಿ ನೋಡಿದವರು ಎಷ್ಟು ಮಂದಿ ಇದ್ದಾರೋ ಕಾಣೆ. ಕೆಳಗೆ ಎರಡು ಸಣ್ಣವು, ಮೇಲೆ ಒಂದು ದೊಡ್ಡದು. ಕೆಳಗಿನ ಎರಡರಿಂದ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಇಸ್ತ್ರಿಪೆಟ್ಟಿಗೆ ಕಾಯುತ್ತದೆ. ಮೇಲಿನದರಿಂದ ಇದಾವುದೂ ಆಗುವುದಿಲ್ಲ. ಕೂಡುಕುಟುಂಬದಲ್ಲಿ ಜಗುಲಿಯ ಮೇಲೆ ಸುಮ್ಮನೆ ಕುಳಿತಿರುವ ದೊಡ್ಡಪ್ಪನಂತೆ ಅದು ಗಾತ್ರದಲ್ಲಿ ಎಲ್ಲರಿಗಿಂತ ದೊಡ್ಡದು, ನೋಡುವವರ ಕಣ್ಣಿಗೆ ಎಲ್ಲರಿಗಿಂತ ನಿರುಪಯೋಗಿ. ಆದ್ದರಿಂದ ಅದರ ಹಿಂದೆ ತಂತಿಯೇ ಇಲ್ಲದಿದ್ದರೂ ಸಂಸಾರ ನಡೆದುಹೋಗುತ್ತದೆ. ಹತ್ತು ವರ್ಷ ನಡೆಯಬಹುದು, ಇಪ್ಪತ್ತು ವರ್ಷವೂ ನಡೆಯಬಹುದು. ಅದರ ತೊಂದರೆಯೇ ಅದು.

ಆ ತೂತಿನ ಹಿಂದೆ ಏನಿರಬೇಕು ಎಂಬುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. 1983ರಲ್ಲಿ ಕೋಲಾರದಲ್ಲಿ ಒಬ್ಬ ವೈರಿಂಗ್ ಮೇಸ್ತ್ರಿಗಳ ಕೈಕೆಳಗೆ ಸೇರಿಕೊಂಡೆ. ಕೆಲಸ ಕಲಿಯುವವರಿಗಾಗಿ 1961ರಲ್ಲೇ ಕಾಯಿದೆಯಾಗಿತ್ತು. ಅದರಂತೆ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆದವರಿಗೆ ಕರಾರು ಪತ್ರ, ಸ್ಟೈಪೆಂಡು ಎಲ್ಲ ಉಂಟು. ನಮ್ಮ ಮೇಸ್ತ್ರಿಗಳು ಆ ಕಾಯಿದೆಯನ್ನು ಓದಿದವರಲ್ಲ. ಮಧ್ಯಾಹ್ನದ ಊಟ, ಬಸ್ ಚಾರ್ಜು, ಶನಿವಾರ ಸಂಜೆ ಕೈಗೆ ಬಂದಷ್ಟು ಹಣ, ಇದು ನಮ್ಮ ಕರಾರು. ಕೆಲಸವೆಂದರೆ ಹೊಸ ಮನೆಗಳದಲ್ಲ. ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳಲ್ಲಿ ಇದ್ದ ಮನೆಗಳ ರಿಪೇರಿ. ಹೊಸ ಮನೆಯಲ್ಲಿ ನಿಮ್ಮ ತಪ್ಪು ಮಾತ್ರ ಇರುತ್ತದೆ. ಹಳೆಯ ಮನೆಯಲ್ಲಿ ಮೂರು ತಲೆಮಾರಿನವರ ತಪ್ಪುಗಳು ಒಂದರ ಮೇಲೊಂದು ಸುಣ್ಣ ಬಳಿದುಕೊಂಡು ಕುಳಿತಿರುತ್ತವೆ.

ಒಂದೊಂದು ಊರಿನ ಮನೆಗೆ ಒಂದೊಂದು ಗುಣ. ಮಾಲೂರು ಹೆಂಚಿಗೆ, ಇಟ್ಟಿಗೆಗೆ ಹೆಸರಾದ ಊರು. ಅಲ್ಲಿ ಹೆಂಚಿನ ಸೂರಿನ ಕೆಳಗೆ ಇಲಿಗಳು ತಂತಿಯ ರಬ್ಬರನ್ನು ತಿಂದು ತಾಮ್ರವನ್ನು ನಮಗೆ ಬಿಟ್ಟಿರುತ್ತಿದ್ದವು. ಮುಳುಬಾಗಿಲಿನ ಕಡೆ ಕಲ್ಲುಚಪ್ಪಡಿಯ ಮನೆಗಳು. ಚಪ್ಪಡಿಗೆ ಮೊಳೆ ಇಳಿಯುವುದಿಲ್ಲ, ಮಣ್ಣಿನ ಗೋಡೆಯಲ್ಲಿ ಹೊಡೆದ ಮೊಳೆ ನಿಲ್ಲುವುದಿಲ್ಲ. ಗೋಡೆಯಲ್ಲಿ ಕುಳಿ ಕೊರೆದು ಮರದ ಬೆಣೆ ಬಡಿದು, ಅದರ ಮೇಲೆ ತೇಗದ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನೊಳಗೆ ತಂತಿ. ಮೊದಲ ಆರು ತಿಂಗಳು ನಾನು ಬೆಣೆ ಕೆತ್ತಿದ್ದೇ ಹೆಚ್ಚು. ಶ್ರೀನಿವಾಸಪುರದ ವಿಷಯ ಮುಂದೆ ಹೇಳುತ್ತೇನೆ.

ಯಾವ ಮನೆಗೆ ಹೋದರೂ ಮೇಸ್ತ್ರಿಗಳು ಮೊದಲು ನೋಡುತ್ತಿದ್ದುದು ಮೀಟರನ್ನಲ್ಲ, ಬಟ್ಟೆ ಒಣಹಾಕುವ ತಂತಿಯನ್ನು. ಕಂಬದಿಂದ ಮನೆಗೆ ಬರುವ ಕರೆಂಟಿನ ವೈರನ್ನು ಒಂದು ಕಬ್ಬಿಣದ ತಂತಿಗೆ ಆನಿಸಿ ತಂದಿರುತ್ತಾರೆ. ಗಾಳಿಗೆ ಆಡಿ ಆಡಿ ವೈರಿನ ಹೊದಿಕೆ ಸವೆಯುತ್ತದೆ. ಮನೆಯವರು ಅನುಕೂಲವೆಂದು ಬಟ್ಟೆಯ ತಂತಿಯ ಒಂದು ತುದಿಯನ್ನು ಅದೇ ಕೊಕ್ಕೆಗೆ ಕಟ್ಟಿರುತ್ತಾರೆ. ಒದ್ದೆ ಸೀರೆ, ಒದ್ದೆ ಕೈ, ಒದ್ದೆ ನೆಲ. ಇದರ ಮುಂದಿನದನ್ನು ಪತ್ರಿಕೆಯ ಒಳಪುಟಗಳಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ನೀವೂ ಓದಿದ್ದೀರಿ. ಮೇಸ್ತ್ರಿಗಳು ಮಾತಿಲ್ಲದೆ ಆ ಗಂಟನ್ನು ಬಿಚ್ಚಿ, ತಂತಿಯ ಬದಲು ನೂಲಿನ ಹಗ್ಗ ಕಟ್ಟುತ್ತಿದ್ದರು. ಆ ಹಗ್ಗಕ್ಕೆ ಅವರು ಯಾರ ಹತ್ತಿರವೂ ಕಾಸು ಕೇಳಿದ್ದನ್ನು ನಾನು ನೋಡಲಿಲ್ಲ.

ಈ ಜಿಲ್ಲೆಗೂ ವಿದ್ಯುತ್ತಿಗೂ ಇರುವ ನಂಟು ವಿಚಿತ್ರವಾದದ್ದು. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ 92 ಮೈಲಿ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಹಾಗಾಗಿ ಈ ಸೀಮೆಯಲ್ಲಿ ನೆಲದ ಕೆಳಗೆ ಮೊದಲು ಬೆಳಕಾಯಿತು. ನೆಲದ ಮೇಲಿನ ಹಳ್ಳಿಗಳವರು ಇನ್ನೂ ಬಹುಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಉಂಡರು. 1887ರಲ್ಲಿ ಡಿ.ವಿ.ಜಿ.ಯವರು ಮುಳುಬಾಗಿಲಿನಲ್ಲಿ ಹುಟ್ಟಿದಾಗ ಆ ಊರಿನಲ್ಲಿ ವಿದ್ಯುತ್ತಿನ ಸುಳಿವೂ ಇರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಕರೆಂಟೇನೋ ಈಗ ಎಲ್ಲ ಊರಿಗೂ ಬಂದಿದೆ. ಆದರೆ ಬಂದ ಕರೆಂಟು ದಾರಿ ತಪ್ಪಿದಾಗ ಇಳಿದುಹೋಗುವುದಕ್ಕೆ ನೆಲ ಬೇಕಲ್ಲ? ಕೋಲಾರದ ನೆಲ ಅದಕ್ಕೆ ಸುಲಭವಾಗಿ ಒಪ್ಪುವ ನೆಲವಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಸ್ತ್ರಿಪೆಟ್ಟಿಗೆಯೊಳಗೆ ಫೇಸ್ ತಂತಿ ಸಡಿಲವಾಗಿ ಅದರ ಮೈಗೆ ತಗುಲಿತು ಎನ್ನಿ. ಮೂರನೆಯ ತಂತಿ ಆ ಮೈಯಿಂದ ಹೊರಟು ಹಿತ್ತಲಿನಲ್ಲಿ ಹೂತ ಕೊಳವೆಯ ಮೂಲಕ ಭೂಮಿಗೆ ಸೇರುತ್ತದೆ. ಅಲ್ಲಿಂದ ಕರೆಂಟು ನೆಲದಲ್ಲೇ ಹಾದು ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಈ ಹಾದಿಯ ಅಡ್ಡಿ 5 ಓಮ್ ಇದ್ದರೆ 230 ವೋಲ್ಟಿಗೆ 46 ಆಂಪಿಯರ್ ನುಗ್ಗುತ್ತದೆ. 15 ಆಂಪಿಯರಿನ ಫ್ಯೂಸು ಕರಗಿ ಬೀಳುತ್ತದೆ. ಮನೆಯವರು ಬೈದುಕೊಂಡು ನಮ್ಮನ್ನು ಕರೆಯುತ್ತಾರೆ. ಅಡ್ಡಿ 50 ಓಮ್ ಇದ್ದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಇಸ್ತ್ರಿಪೆಟ್ಟಿಗೆಯ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟನ್ನು ಹೊತ್ತುಕೊಂಡು, ಯಾರಾದರೂ ಮುಟ್ಟಲಿ ಎಂದು ಕಾದಿರುತ್ತದೆ.

ಅಡ್ಡಿ ಕಡಿಮೆಯಾಗಬೇಕಾದರೆ ನೆಲದಲ್ಲಿ ತೇವ ಬೇಕು. ಅದಕ್ಕಾಗಿಯೇ ಎರಡೂವರೆ ಮೀಟರ್ ಉದ್ದದ ತೂತು ಕೊಳವೆಯನ್ನು ನಿಲ್ಲಿಸಿ, ಸುತ್ತಲೂ ಇದ್ದಲು ಒಂದು ಪದರ, ಉಪ್ಪು ಒಂದು ಪದರ ತುಂಬಿ, ಮೇಲೆ ಆಲಿಕೆ ಇಟ್ಟು ಬೇಸಿಗೆಯಲ್ಲಿ ನೀರು ಹಾಕಬೇಕೆಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ಕೋಲಾರಕ್ಕೆ ಬಂದಿರಲಾರರು. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಮೂರಡಿ ಅಗೆದರೆ ಬಂಡೆ, ಹಾರೆ ಠಣ್ಣೆನ್ನುತ್ತದೆ. ಮುಳುಬಾಗಿಲಿನ ಒಂದು ಮನೆಯಲ್ಲಿ ಈ ಕೊಳವೆಗೆ ದಿನಾ ಒಂದು ಬಿಂದಿಗೆ ನೀರು ಹಾಕಿಸಿ ಎಂದು ಮೇಸ್ತ್ರಿಗಳು ಹೇಳಿದಾಗ ಅಜ್ಜಿಯೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನಪ್ಪಾ, ತುಳಸಿಗೇ ಅರ್ಧ ಚೊಂಬು ಹಾಕ್ತಾ ಇದ್ದೀನಿ, ನಿನ್ನ ಕಬ್ಬಿಣಕ್ಕೆ ಬಿಂದಿಗೆ ನೀರು ಕೊಡ್ಲಾ?”

ಅಜ್ಜಿಯ ಮಾತು ನ್ಯಾಯವಾಗಿತ್ತು. ಮೇಸ್ತ್ರಿಗಳು ವಾದಿಸಲಿಲ್ಲ. “ಆಗಲಮ್ಮಾ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ ತೋರಿಸಿ” ಎಂದರು. ಅಂದು ಗುಂಡಿಯ ಜಾಗ ಬದಲಾಯಿತು. ಅಂದಿನಿಂದ ನಾವು ಯಾವ ಮನೆಗೆ ಹೋದರೂ ಬಚ್ಚಲಿನ ಮೋರಿ ಹಿಡಿದು ನಡೆದು, ನೆಲ ಎಲ್ಲಿ ಕಪ್ಪಗಿದೆಯೋ ಅಲ್ಲಿ ಅಗೆಯುತ್ತಿದ್ದೆವು. ಕೆಸುವಿನ ಎಲೆಯೋ ಬಾಳೆಯ ಬುಡವೋ ಕಂಡರೆ ಅಳತೆ ನೋಡುವ ಅಗತ್ಯವೂ ಇಲ್ಲ.

ಇಂಗ್ಲಿಷಿನ ಅರ್ತ್ ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅರ್ಥವಾಗಿತ್ತು. “ಈ ಮನೆಗೆ ಅರ್ಥ ಇಲ್ಲ”, “ಅರ್ಥ ಕೆಟ್ಟುಹೋಗಿದೆ”, “ಅರ್ಥ ಸಿಗೋವರೆಗೂ ಅಗೆಯೋ” ಎಂದು ಅವರು ಹೇಳುತ್ತಿದ್ದರೆ, ಆ ಮನೆಯಲ್ಲಿ ಕನ್ನಡ ಪಂಡಿತರಿದ್ದರೆ ಬೆಚ್ಚಿಬೀಳುತ್ತಿದ್ದರು. ನಾನೂ ಮೊದಮೊದಲು ನಗುತ್ತಿದ್ದೆ. ಶ್ರೀನಿವಾಸಪುರದ ಕೆಲಸವಾದ ಮೇಲೆ ನಗಲಿಲ್ಲ.

ಶ್ರೀನಿವಾಸಪುರದಲ್ಲಿ ಆರು ಮನೆಗಳ ಒಂದು ಸಾಲು. ಗುತ್ತಿಗೆದಾರರೊಬ್ಬರು ಅದರ ವೈರಿಂಗನ್ನೆಲ್ಲ ತೆಗೆದು ಹೊಸದು ಹಾಕುವ ಕೆಲಸವನ್ನು ಹಿಡಿದಿದ್ದರು. ಒಳಗಿನ ಕೆಲಸ ನಮ್ಮದು. ಆರು ಮನೆಗೂ ಸೇರಿ ಮುಂಭಾಗದಲ್ಲಿ ಒಂದೇ ಗುಂಡಿ. ಅದನ್ನು ಅವರ ಆಳುಗಳು ನಾವು ಬರುವ ಮೊದಲೇ ಮುಗಿಸಿ ಸಿಮೆಂಟು ಬಳಿದಿದ್ದರು. ಮೇಸ್ತ್ರಿಗಳು ಕೊಳವೆಯ ತಲೆಯನ್ನು ಕಾಲಿನಿಂದ ಮೆಲ್ಲಗೆ ತಳ್ಳಿದರು. ಅದು ಅಲ್ಲಾಡಿತು. ಎರಡೂವರೆ ಮೀಟರ್ ನೆಲದಲ್ಲಿರುವ ಕೊಳವೆ ಹಾಗೆ ಅಲ್ಲಾಡುವುದಿಲ್ಲ.

“ಮೂರಡಿಗೆ ಬಂಡೆ ಬಂತು ಮೇಸ್ತ್ರಿ. ಮಿಕ್ಕ ಕೊಳವೆ ಕತ್ತರಿಸಿದೆವು. ಅರ್ತ್ ಏನೋ ಚೆನ್ನಾಗಿ ಸಿಗ್ತಾ ಇದೆ, ನೋಡಿ” ಎಂದು ಗುತ್ತಿಗೆದಾರರು ಫೇಸಿಗೂ ಕೊಳವೆಗೂ ನಡುವೆ 100 ವಾಟಿನ ಬಲ್ಬು ಹಿಡಿಸಿದರು. ಬಲ್ಬು ಜಗ್ಗನೆ ಉರಿಯಿತು.

ಬಲ್ಬಿನ ಸಾಕ್ಷಿ ಸುಳ್ಳು ಸಾಕ್ಷಿ. ಉರಿಯುವ 100 ವಾಟಿನ ಬಲ್ಬಿನ ಅಡ್ಡಿಯೇ ಸುಮಾರು 529 ಓಮ್. ಅದರ ಮುಂದೆ ನೆಲದ 50 ಓಮ್ ಸೇರಿದರೂ ಬೆಳಕು ಕಣ್ಣಿಗೆ ಕಾಣುವಷ್ಟು ಕುಂದುವುದಿಲ್ಲ. ಮೇಸ್ತ್ರಿಗಳಿಗೆ ಈ ಅಂಕಿ ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು. ಅವರು ಮೊದಲು ಆರು ಮನೆಗಳ ಅರ್ತ್ ತಂತಿಗಳನ್ನೂ ಕೊಳವೆಯಿಂದ ಬಿಚ್ಚಿಸಿದರು. ಹತ್ತಿರ ಮಕ್ಕಳು ಬಾರದಂತೆ ಕೋಲು ಕೊಟ್ಟು ನನ್ನನ್ನು ನಿಲ್ಲಿಸಿದರು. ಆಮೇಲೆ ಬಲ್ಬಿನ ಜೊತೆಗೆ 1000 ವಾಟಿನ ಒಲೆಯ ಸುರುಳಿಯನ್ನೂ ಸೇರಿಸಿ ಅದೇ ಕೊಳವೆಗೆ ಕೊಟ್ಟರು. ಬಲ್ಬು ಆರುವ ಕೆಂಡದ ಬಣ್ಣಕ್ಕೆ ಇಳಿಯಿತು. ಅರ್ಧ ವೋಲ್ಟನ್ನು ನೆಲವೇ ತಿಂದಿತ್ತು. (ಇದನ್ನು ಓದಿ ಯಾರೂ ಮನೆಯಲ್ಲಿ ಮಾಡಿ ನೋಡಬಾರದು, ಅಪಾಯದ ಪರೀಕ್ಷೆ. ಈಗ ಇದಕ್ಕೆಂದೇ ಉಪಕರಣವಿದೆ.)

“ಸ್ವಾಮಿ, ಒಂದು ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಈ ತಂತಿ ಅದನ್ನು ಇನ್ನೈದು ಮನೆಗೂ ಹಂಚುತ್ತೆ. ಇದರ ಬದಲು ಅರ್ಥವೇ ಇಲ್ಲದಿದ್ದರೆ ಕೆಟ್ಟದ್ದು ಆ ಒಂದು ಮನೆಯಲ್ಲೇ ಉಳಿಯುತ್ತೆ.”

ಅವರ ಮಾತಿನ ಭಯಂಕರ ನಿಜ ನನಗೆ ತಲೆಗೆ ಇಳಿಯಲು ಒಂದು ಕ್ಷಣ ಬೇಕಾಯಿತು. ಆರು ಮನೆಗಳ ಮೂರನೆಯ ತಂತಿಯೂ ಒಂದೇ ಕಡೆ ಕಟ್ಟಿದೆ. ಆ ಕಡೆ ನೆಲಕ್ಕೆ ಸೇರಿಲ್ಲ. ಮೊದಲ ಮನೆಯಲ್ಲಿ ತಂತಿ ಸಡಿಲವಾದರೆ ಆರನೆಯ ಮನೆಯಲ್ಲಿ, ಏನೂ ಕೆಡದ ಒಲೆಯನ್ನು ಮುಟ್ಟಿದ ಹೆಂಗಸಿಗೆ ಹೊಡೆಯುತ್ತದೆ. ಕಾಯಲೆಂದು ಹಾಕಿದ ತಂತಿಯೇ ಅದನ್ನು ಮನೆಮನೆಗೆ ಮುಟ್ಟಿಸುತ್ತದೆ.

ಗುತ್ತಿಗೆದಾರರು ದುಷ್ಟರೇನಲ್ಲ. ಬಿಲ್ಲು ಬರುವುದು ತಡ, ಬಂಡೆ ಒಡೆಸುವುದು ದುಬಾರಿ, ಸಿಮೆಂಟಿನ ಕೆಳಗೆ ನೋಡುವವರು ಯಾರು? ಅವರು ಇಷ್ಟೇ ಹೇಳಿದರು: “ಹೆಚ್ಚಿನ ತಂತಿಗೆ ನನ್ನ ಹತ್ತಿರ ಹಣವಿಲ್ಲ.” ಮಣ್ಣು ಸಿಗುವ ಜಾಗ ಮನೆಗಳ ಹಿಂದೆ, ಬಚ್ಚಲುಗಳ ನೀರೆಲ್ಲ ಸೇರುವ ತಗ್ಗಿನಲ್ಲಿತ್ತು. ಅಲ್ಲಿಯವರೆಗೆ ಎಂಟನೆಯ ನಂಬರಿನ ಜಿ.ಐ. ತಂತಿ ಬೇಕು. ಮರುದಿನ ಮೇಸ್ತ್ರಿಗಳು ಕೋಲಾರದಿಂದ ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಳಿದರು. ಯಾವ ಹಣ ಎಂದು ನಾನು ಕೇಳಲಿಲ್ಲ. ಆ ಶನಿವಾರ ನನಗೆ ಬರಬೇಕಾದದ್ದು ಬಂತು. ಅವರಿಗೆ ಬಂದಂತೆ ಕಾಣಲಿಲ್ಲ. ಎರಡು ದಿನ ಅಗೆದೆವು. ಇದ್ದಲು, ಉಪ್ಪು ತುಂಬಿ, ಒಲೆಯ ಸುರುಳಿಯನ್ನು ಮತ್ತೆ ಹಿಡಿಸಿದಾಗ ಬಲ್ಬು ಬೆಳ್ಳಗೆ ಉರಿಯಿತು. ಮೇಸ್ತ್ರಿಗಳು “ಅರ್ಥ ಬಂತು” ಎಂದು ಬೀಡಿ ಹಚ್ಚಿದರು. ಆ ಗುತ್ತಿಗೆದಾರರ ಮುಂದಿನ ಕೆಲಸಕ್ಕೆ ನಮ್ಮನ್ನು ಕರೆಯಲಿಲ್ಲ.

ಈಗ ಕಾಲ ಬದಲಾಗಿದೆ. ಬ್ಯಾಟನ್ ಪಟ್ಟಿ ಹೋಗಿ ಗೋಡೆಯೊಳಗೆ ಪೈಪು ಬಂದಿದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಗುಣದ ಬಗ್ಗೆ ನ್ಯಾಯಾಲಯದವರೆಗೂ ವಾದ ಹೋಯಿತು. ಮೀಟರಿನ ಪಕ್ಕದಲ್ಲಿ ಆರ್.ಸಿ.ಸಿ.ಬಿ. ಎಂಬ ಸಣ್ಣ ಪೆಟ್ಟಿಗೆ ಬಂದಿದೆ. ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ತೂಗಿ ನೋಡುವುದು ಅದರ ಕೆಲಸ. ಆಂಪಿಯರಿನ ಸಾವಿರದ 30 ಪಾಲು ಸೋರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರೆಂಟು ಕತ್ತರಿಸುತ್ತದೆ. ಹಳೆಯ 15 ಆಂಪಿಯರಿನ ಫ್ಯೂಸು ಅದರ 500 ಪಾಲಿಗೂ ಜಗ್ಗುತ್ತಿರಲಿಲ್ಲ. ಫ್ಯೂಸು ಇದ್ದದ್ದು ತಂತಿಯನ್ನು ಕಾಯಲು. ಈ ಪೆಟ್ಟಿಗೆ ಇರುವುದು ಮನುಷ್ಯರನ್ನು ಕಾಯಲು. ನಮ್ಮ ಮೇಸ್ತ್ರಿಗಳು ಇದನ್ನು ನೋಡಲು ಉಳಿಯಲಿಲ್ಲ.

ಹೋದ ವರ್ಷ ಮಾವಿನ ಕಾಲದಲ್ಲಿ ಅದೇ ಶ್ರೀನಿವಾಸಪುರದಿಂದ ಕರೆ ಬಂತು. ಚೆಂದದ ಹೊಸ ಮನೆ. ಗೀಸರು ಹಾಕಿದಾಗಲೆಲ್ಲ ಪೆಟ್ಟಿಗೆ ಬೀಳುತ್ತದೆಂದು ಯಜಮಾನರಿಗೆ ಬೇಸರ. “ಅದನ್ನು ತೆಗೆದು ನೇರವಾಗಿ ಕೊಟ್ಟುಬಿಡಿ, ಎಲ್ಲ ನಡೆಯುತ್ತಲ್ಲ” ಎಂದರು. ಗೀಸರಿನ ಕಾಯಿಲು ಸೀಳಿ ಕರೆಂಟು ಸೋರುತ್ತಿತ್ತು. ಬದಲಾಯಿಸಿದೆ. ಅರ್ತ್ ಗುಂಡಿ ಎಲ್ಲಿದೆ ಎಂದು ಕೇಳಿದೆ. ಯಜಮಾನರಿಗೆ ತಿಳಿಯದು. ಅವರ ತಾಯಿ ಕಾರು ನಿಲ್ಲುವ ಜಾಗ ತೋರಿಸಿದರು; ಅಲ್ಲಿ ಗೋಡೆಯಿಂದ ಗೋಡೆಗೆ ಟೈಲ್ಸು, ಹನಿ ನೀರೂ ಇಳಿಯದು.

“ಟೈಲ್ಸ್ ಒಡೆಯಬೇಕೇನು?” ಎಂದು ಯಜಮಾನರು ಗಾಬರಿಯಾದರು.

“ಬೇಡಿ. ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತೆ?”

ತಾಯಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕಾಂಪೌಂಡಿನ ಮೂಲೆಯಲ್ಲಿ ನೆಲ ಕಪ್ಪಗಿತ್ತು, ಕೆಸುವಿನ ಎಲೆ ಅಂಗೈಯಗಲ ಬೆಳೆದಿತ್ತು. ಹುಡುಗನಿಗೆ ಹಾರೆ ತರಲು ಹೇಳಿದೆ.