23 ಕಿಲೋ ಬೀಳ್ಕೊಡುಗೆ

ದಾವಣಗೆರೆಗೆ ಹೊಸಬರು ಬಂದರೆ ಊರು ಮೊದಲು ಕೇಳುವುದು ‘ದೋಸೆ ತಿಂದ್ರಾ?’ ಅಂತ. ಯಾಕೆ ಬಂದಿರಿ ಎಂಬ ಪ್ರಶ್ನೆ ಆಮೇಲೆ, ಕೈ ತೊಳೆದ ಮೇಲೆ. ಊರಿನ ತುಂಬ ಇರುವುದೇ ಬಂದವರು. ಹತ್ತಿ ವ್ಯಾಪಾರಕ್ಕೆ ಬಂದವರು, ಮಿಲ್ಲಿನ ಕೆಲಸಕ್ಕೆ ಬಂದವರು, ಮಿಲ್ಲುಗಳು ಬಾಗಿಲು ಹಾಕಿಕೊಂಡ ಮೇಲೆ ಮೆಡಿಕಲ್ಲು, ಇಂಜಿನಿಯರಿಂಗು ಓದಲು ಬಂದವರು. ಆ ದೋಸೆಯೇ ವಲಸೆ ಬಂದದ್ದು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಒಲೆ ಹಚ್ಚಿದ್ದು ಅದರ ಮೂಲ ಎನ್ನುತ್ತಾರೆ. ಶುರುವಿನಲ್ಲಿ ಅದು ರಾಗಿ ದೋಸೆ. ಅಕ್ಕಿ, ಬೆಣ್ಣೆ ಎಲ್ಲ ಆಮೇಲಿನ ಸಿರಿತನ.

ಬರುವವರಿಗೆ ಇಷ್ಟು ಒಗ್ಗಿದ ಊರಿಗೆ ಹೋಗುವವರನ್ನು ಕಳಿಸಿಕೊಡಲು ಮಾತ್ರ ಬರುವುದಿಲ್ಲ. ಒಂದು ಹಾರ, ಒಂದು ಶಾಲು, ಎರಡು ಮಾತು ಎಂದು ಶುರುವಾಗಿ ವಾರಗಟ್ಟಲೆ ಎಳೆಯುತ್ತದೆ. ನಮ್ಮ ಬೀದಿಯ ಅಮೆರಿಕದ ಅಜ್ಜ-ಅಜ್ಜಿ ಹೊರಟಾಗಲೂ ಹಾಗೇ ಆಯಿತು.

ಅವರು ಲ್ಯಾಟರ್-ಡೇ ಸೇಂಟ್ಸ್ ಚರ್ಚಿನವರು. ಲೋಕ ಮಾರ್ಮನ್ ಎಂದು ಕರೆಯುವ ಪಂಥ. ಅಮೆರಿಕದ ಯೂಟಾದಲ್ಲಿರುವ ಸಾಲ್ಟ್ ಲೇಕ್ ಸಿಟಿ ಅವರಿಗೆ ಮೂಲಮಠ ಇದ್ದ ಹಾಗೆ. ನೌಕರಿಯಿಂದ ಬಿಡುವಾದ ಗಂಡಹೆಂಡತಿ ತಮ್ಮದೇ ಖರ್ಚಿನಲ್ಲಿ ಚರ್ಚು ಹೇಳಿದ ಊರಿಗೆ ಹೋಗಿ, ಒಂದೆರಡು ವರ್ಷ ಸೇವೆ ಮಾಡಿ ಬರುವ ಪದ್ಧತಿ ಅವರಲ್ಲಿದೆ. ಸಂಬಳವಿಲ್ಲ. ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಗಂಡಸರಾದರೆ ಎಲ್ಡರ್, ಹೆಂಗಸರಾದರೆ ಸಿಸ್ಟರ್. ನಮ್ಮ ಕಡೆ ರಿಟೈರಾದವರು ಪಿಂಚಣಿ ಕಾಗದ ಸರಿಮಾಡಿಸಿಕೊಂಡು ಕುಂದುವಾಡ ಕೆರೆ ಸುತ್ತುವ ವಯಸ್ಸಿನಲ್ಲಿ ಇವರು ಮೊಮ್ಮಕ್ಕಳ ಫೋಟೋ ಪೆಟ್ಟಿಗೆಗೆ ಹಾಕಿಕೊಂಡು ದಾವಣಗೆರೆಯ ಬಿಸಿಲಿಗೆ ಬಂದಿಳಿದಿದ್ದರು.

ಆ ಬಿಲ್ಲೆಯಿಂದಲೇ ಎಲ್ಲ ಶುರುವಾಯಿತು. ಊರು ತುಂಬ ಆಸ್ಪತ್ರೆ ಇರುವ ದಾವಣಗೆರೆಯಲ್ಲಿ ಸಿಸ್ಟರ್ ಎಂದರೆ ನರ್ಸಮ್ಮ. ಎದುರುಮನೆಯ ಯಜಮಾನರು ಮೊದಲ ವಾರವೇ ಮಾತ್ರೆ ಚೀಟಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಜ್ಜಿ ತಾನು ನರ್ಸಲ್ಲ ಎಂದು ಕೈಸನ್ನೆಯಲ್ಲಿ ಹೇಳಿದ್ದನ್ನು ಅವರು ದೊಡ್ಡವರ ವಿನಯ ಎಂದುಕೊಂಡರು. ಕೊನೆಗೆ ಆಕೆ ಸೋತು ಒಂದು ಬಿಪಿ ಮಿಷನ್ ಕೊಂಡುತಂದರು. ಸಂಜೆ ಐದಾದರೆ ಮೆಟ್ಟಿಲ ಮೇಲೆ ಸಾಲು. ಅಜ್ಜಿ ನೋಡುವುದು, ಮೇಲಿನ ನಂಬರು, ಕೆಳಗಿನ ನಂಬರು ಚೀಟಿಯಲ್ಲಿ ಬರೆದುಕೊಡುವುದು, ಜಾಸ್ತಿ ಇದ್ದರೆ ‘ಡಾಕ್ಟರ್, ಡಾಕ್ಟರ್’ ಎಂದು ಬೆರಳು ತೋರಿಸುವುದು. ಅಷ್ಟೇ. ಮಿಷನರಿ ಎಂದ ಕೂಡಲೇ ಹುಬ್ಬೇರಿಸುವವರು ನಮ್ಮ ಬೀದಿಯಲ್ಲೂ ಇದ್ದರು. ಇರಲಿ, ಹುಬ್ಬು ಅವರದು. ಆದರೆ ಆ ಸಾಲಿನಲ್ಲಿ ತೋಳು ಮಡಚಿಕೊಂಡು ಮುಂದೆ ನಿಲ್ಲುತ್ತಿದ್ದವರೂ ಅವರೇ.

ಹೊರಡುವ ಮುಂಚಿನ ಕೊನೆಯ ಭಾನುವಾರ, ಅವರು ಹೋಗಿಬರುತ್ತಿದ್ದ ಹರಿಹರದ ನಾಲ್ಕಾರು ಮನೆಯವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ನನ್ನನ್ನೂ ಕರೆದರು, ಅಜ್ಜನಿಗೆ ಹರಿಹರದ ಗುಡಿ ತೋರಿಸುವ ಮಾತು ಕೊಟ್ಟಿದ್ದೆ, ಹಾಗಾಗಿ ಹೋದೆ. ಸಿಟಿ ಬಸ್ಸಿನಲ್ಲಿ ಹದಿನಾಲ್ಕು ಕಿಲೋಮೀಟರು. ದೊಡ್ಡಬಾತಿ ದಾಟಿದರೆ ಭದ್ರೆಯ ನಾಲೆ ನೀರು ಕುಡಿದ ಗದ್ದೆಗಳು. ಅಜ್ಜನ ಕನ್ನಡವೆಲ್ಲ ಆ ಬಸ್ಸಿನಲ್ಲೇ ಕಲಿತದ್ದು. ‘ಸ್ವಲ್ಪ ಸರೀರಿ’, ‘ಚಿಲ್ಲರೆ ಇಲ್ರೀ’, ‘ಮುಂದೆ ಹೋಗ್ರಿ’. ಈ ಮೂರು ಮಾತಿಟ್ಟುಕೊಂಡು ಹಾವೇರಿಯವರೆಗೂ ಜೀವನ ಮಾಡಬಹುದು ಎಂದು ಕಂಡಕ್ಟರ್ ಸರ್ಟಿಫಿಕೇಟು ಕೊಟ್ಟಿದ್ದ.

ಸಭೆಯ ಬಗ್ಗೆ ಹೆಚ್ಚು ಬರೆಯಲಾರೆ. ಶಾಮಿಯಾನದವನ ಪ್ಲಾಸ್ಟಿಕ್ ಕುರ್ಚಿ, ಒಂದು ಪ್ರಾರ್ಥನೆ, ಎಲ್ಲರ ಭಾಷಣ, ಮಂಡಕ್ಕಿ ಮೆಣಸಿನಕಾಯಿ. ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಹಾಕಿದರು. ಅಜ್ಜಿ ಅದನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮಧ್ಯಾಹ್ನ ಹರಿಹರೇಶ್ವರನ ಗುಡಿಗೆ ಹೋದೆವು. ಹರಿಯಿಂದಲೂ ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಅರ್ಧರ್ಧ ಸೇರಿ ಒಂದಾದ ಕತೆ ಹೇಳಿದೆ. ನಲವತ್ತು ವರ್ಷ ಮೀರಿ ಸಂಸಾರ ಮಾಡಿದ ಜೋಡಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಎಡಗಡೆ ಯಾರು, ಬಲಗಡೆ ಯಾರು, ಅದನ್ನು ತೀರ್ಮಾನ ಮಾಡಿದವರು ಯಾರು ಎಂದಷ್ಟೇ ಅಜ್ಜಿ ಕೇಳಿದರು.

ಅಜ್ಜನ ಕಣ್ಣು ಕಂಬದ ಮೇಲಿತ್ತು. ತಮ್ಮ ಊರಲ್ಲಿ ವರ್ಕ್‌ಶಾಪ್ ನಡೆಸಿದವರು. ಮಂಟಪದ ದುಂಡು ಕಂಬದ ಸುತ್ತ ಹೆಬ್ಬೆರಳಿಟ್ಟು, ಒಂದೊಂದೇ ಬಳೆಯಂಥ ಗೆರೆಯನ್ನು ಸವರುತ್ತ ಕೆಳಗಿಳಿದು, ಉಗುರಿನಿಂದ ಒಂದು ಸಂದು ಕೆರೆದು ನೋಡಿ, ತಲೆಯೆತ್ತಿ ‘ಲೇತ್!’ ಎಂದರು. ಹೌದು, ಹೊಯ್ಸಳರ ಕಾಲದ ಕಂಬಗಳು ಹಾಗೆ ಕಡೆದಂತೆಯೇ ಇರುತ್ತವೆ. 1224ರ ಹೊತ್ತಿಗೆ ಈ ಗುಡಿ ಕಟ್ಟಿಸಿದವನು ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಕತ್ತಿ ಹಿಡಿಯುವುದು ಅವನ ಉದ್ಯೋಗ. ಅವನು ಗೆದ್ದ ಯುದ್ಧಗಳ ಹೆಸರು ಇಂದು ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಸಿಗುವುದಿಲ್ಲ. ಗುಡಿಯ ದಾರಿ ಎಲ್ಲರೂ ತೋರಿಸುತ್ತಾರೆ.

ಹರಿಹರ ಎಂಬುದು ಬಂದು ಹೋದವರು ಬಿಟ್ಟುಹೋದ ಸಾಮಾನಿನ ಅಟ್ಟ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಪಲ್ಟನ್ ಇತ್ತು, 1865ರಲ್ಲಿ ಗುಡಾರ ಕಿತ್ತುಕೊಂಡು ಹೋಯಿತು. ಮೂರು ವರ್ಷ ಕಳೆದು ತುಂಗಭದ್ರೆಗೆ ಕಮಾನಿನ ಸೇತುವೆಯಾಯಿತು. 1941ರಲ್ಲಿ ಕಿರ್ಲೋಸ್ಕರ್ ಮನೆತನದವರು ಬಂದು, ಎಲ್ಲ ಬಿಟ್ಟು ಲೇತ್ ಮಷೀನು ಮಾಡುವ ಕಾರ್ಖಾನೆಯನ್ನೇ ಈ ಊರಲ್ಲಿ ಹೂಡಿದರು. ಲೇತಿನಲ್ಲಿ ಕಡೆದಂಥ ಕಂಬದ ಊರಿಗೇ ಲೇತು! ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎರಡು ದಶಕ ದಾಟಿದೆ. ಆದರೂ ಊರಿನ ಹಿರಿಯರು ಪರಿಚಯ ಹೇಳಿಕೊಳ್ಳುವಾಗ ‘ನಾನು ಕಿರ್ಲೋಸ್ಕರ್‌ನಲ್ಲಿದ್ದೆ’ ಎಂದು ಎದೆ ಮುಂದೆ ಮಾಡುತ್ತಾರೆ. ಇದನ್ನೆಲ್ಲ ನಾನು ಹೇಳಿದೆನೋ ಇಲ್ಲವೋ, ಅಜ್ಜ ಕಾರ್ಖಾನೆ ನೋಡಲೇಬೇಕೆಂದು ಹಟ ಹಿಡಿದರು. ಬಿಸಿಲಲ್ಲಿ ಆಟೋ ಮಾಡಿಕೊಂಡು ಹೋಗಿ ಗೇಟಿನ ಎದುರು ನಿಂತು ಫೋಟೋ ತೆಗೆದುಕೊಂಡು ಬಂದದ್ದಾಯಿತು. ಗುಡಿಯ ಮುಂದೆ ತೆಗೆದದ್ದಕ್ಕಿಂತ ಅದೇ ಚೆನ್ನಾಗಿ ಬಂದಿದೆ.

ಬಂದ ಕೆಲಸ ಒಂದು, ಊರಿಗೆ ದಕ್ಕಿದ್ದು ಇನ್ನೊಂದು. ಈ ಮಾತಿಗೆ ಕನ್ನಡನಾಡಿನಲ್ಲಿ ಮಿಷನರಿಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲು. ನಾವು ಇಟ್ಟುಕೊಂಡದ್ದು 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವನ್ನು, ಅವರು ಅಚ್ಚು ಹಾಕಿಸಿದ ಬಸವಪುರಾಣ, ದಾಸರ ಪದಗಳನ್ನು. ಜೊತೆಯ ಮಿಷನರಿ ವೈಗ್ಲೆ ತೀರಿಕೊಂಡ ಮೇಲೆ ಅವರ ಪತ್ನಿ ಪೌಲೀನಾರನ್ನು ಮದುವೆಯಾಗಿ ಕೊಡಗಿನಲ್ಲಿದ್ದ ಮೋಗ್ಲಿಂಗ್, ಹೆಂಡತಿಗೆ ಮೈ ಹುಷಾರಿಲ್ಲವೆಂದು 1860ರಲ್ಲಿ ಹಡಗು ಹತ್ತಿದರು. ಮತ್ತೆ ಬರಲಾಗಲಿಲ್ಲ, 1881ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು. ಇನ್ನೊಬ್ಬ ಮಿಷನರಿ ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಾಗ ಕಿಟೆಲ್ ದಂಪತಿಯೂ ಜರ್ಮನಿ ಸೇರಿ ಆಗಿತ್ತು. ಆಗಿನ ಬೀಳ್ಕೊಡುಗೆಯೆಂದರೆ ಅದು. ಮೋಗ್ಲಿಂಗ್ ಹೊರಟಾಗ ಸೂಯೆಜ್ ಕಾಲುವೆ ಕೂಡ ಬಾಯಿ ತೆರೆದಿರಲಿಲ್ಲ. ನಮ್ಮ ಅಜ್ಜಿಯಾದರೋ ಹೊರಡುವ ಮೊದಲೇ ಬೀದಿಯ ವಾಟ್ಸ್ಯಾಪ್ ಗುಂಪಿಗೆ ಸೇರಿಕೊಂಡಿದ್ದರು. ಈಗ ನಮಗೆ ‘ಗುಡ್ ಮಾರ್ನಿಂಗ್’ ಗುಲಾಬಿ ಹೂವು ರಾತ್ರಿ ಊಟದ ಹೊತ್ತಿಗೆ ಬರುತ್ತದೆ.

ದಾವಣಗೆರೆಗೆ ವಾಪಸಾದ ಮೇಲೆ ನಿಜವಾದ ಕಾರ್ಯಕ್ರಮ. ಅವರಿದ್ದ ಮನೆಯ ಒಡತಿ ಅಜ್ಜಿಗೆ ಉಡಿ ತುಂಬಬೇಕೆಂದು ಕೂತರು. ‘ಮಗಳನ್ನ ಬರಿಗೈಲಿ ಕಳಿಸ್ತಾರೇನ್ರೀ?’ ಎಂದು ಕೇಳಿದರೆ ಯಾರು ಏನು ಹೇಳಬೇಕು? ಮಗಳಿಗೆ ಇವರಿಗಿಂತ ಎಂಟು ವರ್ಷ ಹೆಚ್ಚು ವಯಸ್ಸು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ, ಕುಪ್ಪಸದ ಬಟ್ಟೆ ಎಲ್ಲ ಮೊರದಲ್ಲಿ ತಯಾರಾಯಿತು. ಆಗ ಗೊತ್ತಾಯಿತು, ಅಜ್ಜಿ ಉಟ್ಟದ್ದು ಉದ್ದನೆಯ ಸ್ಕರ್ಟು. ಉಡಿ ಒಡ್ಡಲು ಸೆರಗೇ ಇಲ್ಲ. ಸೊಸೆ ಒಳಗೆ ಓಡಿ ತನ್ನ ದುಪಟ್ಟಾ ತಂದು ಅಜ್ಜಿಯ ಹೆಗಲಿಗೆ ಹಾಕಿ, ಎರಡೂ ತುದಿ ಕೈಗೆ ಹಿಡಿಸಿದಳು. ಅಕ್ಕಿ ಬಿದ್ದ ಹಾಗೆಲ್ಲ ಅಜ್ಜಿ ‘ಥ್ಯಾಂಕ್ಯೂ, ಥ್ಯಾಂಕ್ಯೂ’ ಎನ್ನುತ್ತಿದ್ದರು. ‘ಹಂಗೆಲ್ಲ ಅನ್ಬಾರ್ದು, ಸುಮ್ಮನೆ ಇಸ್ಕೋಬೇಕು’ ಎಂದು ಮನೆಯೊಡತಿ ಗದರಿದರು. ಮಾರನೇ ದಿನ ಆ ಅಕ್ಕಿ ಹಾಲು ಸಕ್ಕರೆ ಹಾಕಿದ ಅಮೆರಿಕದ ಪಾಯಸವಾಗಿ ಬೀದಿಯ ಎಲ್ಲರ ಮನೆಗೂ ಬಂತು. ಏಲಕ್ಕಿ ಹಾಕಿರಲಿಲ್ಲ. ಹಾರದಿಂದ ಎರಡು ಕೀಳಬಹುದಿತ್ತು ಎಂದು ಎದುರುಮನೆಯವರು ಅಂದದ್ದು ಅಜ್ಜಿಯ ಕಿವಿಗೆ ಬೀಳಲಿಲ್ಲ.

ಆಮೇಲೆ ತೂಕದ ಪಂಚಾಯ್ತಿ. ವಿಮಾನದವರು ಒಂದು ಪೆಟ್ಟಿಗೆಗೆ 23 ಕಿಲೋ ಎಂದಿದ್ದರು. ಊರಿನವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮನೆಯೊಡತಿಯ ಹಿತ್ತಾಳೆ ದೀಪ, ಗೋಡೆ ಗಡಿಯಾರ ಎರಡು, ಎರಡಡಿ ಉದ್ದದ ಗಾಜಿನ ಚೌಕಟ್ಟಿನ ಗ್ರೂಪ್ ಫೋಟೋ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ, ಜೋಳದ ಕಡಕ್ ರೊಟ್ಟಿ, ಒಂದು ಚೀಲ ಖಾರಮಂಡಕ್ಕಿ. ಹಳೇ ಪೇಪರ್ ಅಂಗಡಿಯವನ ಕೊಕ್ಕೆ ತಕ್ಕಡಿ ತರಿಸಿ, ಕಿಟಕಿ ಸರಳಿಗೆ ನೇತುಹಾಕಿ, ಪೆಟ್ಟಿಗೆ ತೂಗಿದೆವು. 31. ದೀಪ ತೆಗೆದೆವು, ಗಡಿಯಾರ ತೆಗೆದೆವು. ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಸುರುಳಿ ಸುತ್ತಿದೆವು. ಮಂಡಕ್ಕಿಗೆ ತೂಕವೇ ಇಲ್ಲ, ಆದರೆ ಅರ್ಧ ಪೆಟ್ಟಿಗೆ ಅದೇ ನುಂಗಿತ್ತು. ಅಜ್ಜ ತಮ್ಮ ಎರಡು ಕೋಟು ತೆಗೆದು ಕೊಟ್ಟರು, ಮಂಡಕ್ಕಿ ಬಿಡಲಿಲ್ಲ.

ಬೆಳಗಿನ ಜಾವ ಬೆಂಗಳೂರಿಗೆ ಕಾರು ಹೊರಟಿತು. ಎಲ್ಲರೂ ಅತ್ತರು. ಬಿಪಿ ಮಿಷನ್ ಮನೆಯೊಡತಿಯ ಜಗಲಿಯಲ್ಲಿದೆ, ಸೊಸೆ ನೋಡುತ್ತಾಳೆ, ಸಂಜೆ ಐದಕ್ಕೆ ಸಾಲು ಹಾಗೇ ಇದೆ.

ನಿಮ್ಮ ಬೀದಿಯಿಂದಲೂ ಯಾರಾದರೂ ದೂರದ ದೇಶಕ್ಕೆ ಹೊರಟಿದ್ದರೆ ದಯವಿಟ್ಟು ಗಡಿಯಾರ ಕೊಡಬೇಡಿ. ಚಟ್ನಿಪುಡಿ ಕೊಡಿ, ಅದೂ ಪ್ಲಾಸ್ಟಿಕ್ ಕವರಿನಲ್ಲಿ. ಸ್ಟೀಲ್ ಡಬ್ಬಿಯೇ ಕಾಲು ಕಿಲೋ ತೂಗುತ್ತದೆ.