ಪಾಲಾಗದ ಲೆಕ್ಕ

ನಾನು ಗಣಿತದ ವಿದ್ಯಾರ್ಥಿಯಲ್ಲ, ಅಂತಿಮ ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ಇಂಥವನು ಅವಿಭಾಜ್ಯ ಸಂಖ್ಯೆಯ ವಿಚಾರ ಬರೆಯಹೊರಟದ್ದನ್ನು ಕಂಡು ಗಣಿತದ ಅಧ್ಯಾಪಕರು ನಕ್ಕಾರು. ಆದರೆ ಈ ಗೀಳು ನನಗೆ ಹಿಡಿದದ್ದು ಮೇಳಿಗೆಯ ನಮ್ಮ ಮನೆಯ ಜಗಲಿಯಲ್ಲಿ, ಮಳೆಗಾಲದ ಚೆನ್ನೆಮಣೆಯ ಮುಂದೆ.

ಚೆನ್ನೆಮಣೆಯ ಒಂದು ಸಾಲಿಗೆ ಏಳು ಗುಳಿ. ಮೊದಲನೆಯದಕ್ಕೆ ಒಂದು ಗುಲಗಂಜಿ, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ ಏಳನೆಯದಕ್ಕೆ ೬೪; ಒಟ್ಟು ೧೨೭. ಅದನ್ನು ಇಬ್ಬರಿಗೆ, ಮೂವರಿಗೆ, ಐವರಿಗೆ, ಏಳು ಮಂದಿಗೆ ಹಂಚಿ ನೋಡಿದೆ. ಯಾರಿಗೂ ಸಮಪಾಲು ಬರಲಿಲ್ಲ. ೧೨೭ ಅವಿಭಾಜ್ಯವೆಂದು ತಿಳಿದದ್ದು ಹೈಸ್ಕೂಲಿನಲ್ಲಿ.

ಇಂಥ ಮೊತ್ತ ಅವಿಭಾಜ್ಯವಾಗಬೇಕಾದರೆ ಗುಳಿಗಳ ಸಂಖ್ಯೆಯೂ ಅವಿಭಾಜ್ಯವಾಗಿರಬೇಕು. ಆದರೆ ಅಷ್ಟೇ ಸಾಲದು. ಹನ್ನೊಂದು ಗುಳಿಯ ಮೊತ್ತ ೨೦೪೭. ಅದು ೨೩ನ್ನು ೮೯ರಿಂದ ಗುಣಿಸಿದ ಫಲ. ಮರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿ ೧೬೪೪ರಲ್ಲಿ ಯಾವ ಯಾವ ಗುಳಿಗಳ ಮೊತ್ತ ಅವಿಭಾಜ್ಯವೆಂದು ಒಂದು ಪಟ್ಟಿ ಕೊಟ್ಟನು. ೩೧ ಅದರಲ್ಲಿತ್ತು, ೬೭ ಕೂಡ ಇತ್ತು.

೩೧ ಗುಳಿಯ ಮೊತ್ತ ೨೧೪,೭೪,೮೩,೬೪೭. ಇದಕ್ಕೆ ಭಾಜಕವಿದ್ದರೆ ೪೬,೩೪೦ರೊಳಗೇ ಒಂದು ಸಿಕ್ಕಬೇಕು. ಅದನ್ನು ೬೨ರಿಂದ ಭಾಗಿಸಿದರೆ ೧ ಉಳಿಯಬೇಕು. ಈ ಗುಣದ ಬಲದಿಂದ ಹುಡುಕಾಟ ಬಹಳ ಹಗುರವಾಯಿತು. ದೃಷ್ಟಿ ಬಹುಪಾಲು ಹೋಗಿದ್ದ ಆಯ್ಲರನು ೧೭೭೨ರಲ್ಲಿ ಅದು ಅವಿಭಾಜ್ಯವೆಂದು ತೋರಿಸಿದನು. ೬೭ರ ಮೊತ್ತವಾದರೋ ೨೧ ಅಂಕಿಗಳದ್ದು. ೧೯೦೩ರಲ್ಲಿ ಅಮೆರಿಕದ ಕೋಲ್ ಅದನ್ನು ಒಡೆದು ತೋರಿಸಿದನು: ೧೯೩೭೦೭೭೨೧ನ್ನು ೭೬೧೮೩೮೨೫೭೨೮೭ರಿಂದ ಗುಣಿಸಿದರೆ ಅದೇ ಬರುತ್ತದೆ. ದೊಡ್ಡವರ ಪಟ್ಟಿ ತಪ್ಪಾಗಿತ್ತು! ೨೦೨೪ರಲ್ಲಿ ಕಂಪ್ಯೂಟರುಗಳು ಇದೇ ಜಾತಿಯ ನಾಲ್ಕು ಕೋಟಿಗೂ ಮಿಕ್ಕ ಅಂಕಿಗಳ ಅವಿಭಾಜ್ಯವನ್ನು ಕಂಡುಹಿಡಿದವು. ಆದರೂ ನನಗೆ ಮೆಚ್ಚಿನದು ಕೋಲನ ಆ ಗುಣಾಕಾರವೇ.

ಕಾರಣ ಹೇಳುತ್ತೇನೆ. ಅಮ್ಮ ಅಡಿಕೆ ಸುಲಿಯಲು ಒಂದು ದೊಡ್ಡ ಮನೆಗೆ ಹೋಗುತ್ತಿದ್ದಳು; ಕೂಲಿ ಡಬ್ಬಿಯ ಲೆಕ್ಕದಲ್ಲಿ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ಜೊತೆಗೆ ಕುಳಿತು ಎಣಿಸಿದೆ. ಅವರ ಪುಸ್ತಕದಲ್ಲಿ ಒಂದು ಡಬ್ಬಿ ಕಡಿಮೆ ಬರೆದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಕೈ ಅದುಮಿ, "ಸುಮ್ನಿರೊ ಮಗಾ, ದೊಡ್ಡೋರು ಬರೆದಿಟ್ಟ ಲೆಕ್ಕ" ಎಂದಳು. ನಾನು ಸುಮ್ಮನಾದೆ. ಆ ಒಂದು ಡಬ್ಬಿ ಇಂದಿಗೂ ನನ್ನ ಮನಸ್ಸಿನಲ್ಲಿ ಶೇಷವಾಗಿ ಉಳಿದಿದೆ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಓದಿನಿಂದೇನು ಬಂತೆಂದು ಊರಿನವರು ಕೇಳುತ್ತಾರೆ. ಕಳೆದ ರಜೆಯಲ್ಲಿ ಅಮ್ಮನಿಗೆ ಕೋಲನ ಕಥೆ ಹೇಳಿದ್ದೆ. ಸಂಖ್ಯೆಗಳು ಅವಳಿಗೆ ಹಿಡಿಸಲಿಲ್ಲ. ಪಟ್ಟಿ ತಪ್ಪಾಗಿತ್ತೆಂಬ ಮಾತನ್ನು ಮಾತ್ರ ಎರಡು ಸಲ ಹೇಳಿಸಿಕೊಂಡಳು. ಮೊನ್ನೆ ಊರಿಗೆ ಹೋದಾಗ ಅಡಿಗೆಮನೆಯ ಗೋಡೆಯ ಮೇಲೆ ಮಸಿಯ ಗೆರೆಗಳಿದ್ದವು.

"ಏನಮ್ಮ ಇದು?"

"ಸುಲಿದ ಡಬ್ಬಿ ಲೆಕ್ಕ. ಈ ಸಲ ಅವರ ಪುಸ್ತಕಕ್ಕೆ ತಾಳೆಯಾಗದಿದ್ರೆ ಕೇಳೋದೇ ಸೈ" ಎಂದಳು.